ರೊಕ್ಕ ಹೋತೇನ್ರಿ?

ವೆಬ್‌ಸೈಟ್ ನಿಧಾನವಾದರೆ ಜನ ಸಿಟ್ಟಾಗುತ್ತಾರೆ, ಬೈಯುತ್ತಾರೆ, ಬಿಟ್ಟು ಹೋಗುತ್ತಾರೆ. ನಮ್ಮ ಕೆಲಸದಲ್ಲಿ ಎಲ್ಲರೂ ನಂಬಿರುವ ಮಾತು ಇದು. ನಾನು ಪುಣೆಯ ಖರಾಡಿಯಲ್ಲಿ, ವೆಬ್ ಪುಟಗಳು ಬೇಗ ತೆರೆಯುವಂತೆ ನೋಡಿಕೊಳ್ಳುವ ತಂಡವೊಂದರಲ್ಲಿದ್ದೇನೆ. ದಿನವಿಡೀ ಮಿಲಿಸೆಕೆಂಡುಗಳ ಲೆಕ್ಕ. ಪುಟ ತೆರೆಯಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಮೊಬೈಲ್ ಭೇಟಿಗಳಲ್ಲಿ ಶೇ 53ರಷ್ಟು ಅಲ್ಲಿಗೇ ಮುಗಿಯುತ್ತವೆ ಎಂದು ಗೂಗಲ್ 2016ರಲ್ಲಿ ಹೇಳಿತ್ತು. ಇವತ್ತಿಗೂ ನಮ್ಮ ಮೀಟಿಂಗುಗಳಲ್ಲಿ ಆ ಅಂಕಿ ಬರುತ್ತಲೇ ಇರುತ್ತದೆ.

ಆದರೆ ಬಿಟ್ಟು ಹೋಗುವುದು ಯಾರಿಗೆ ಸಾಧ್ಯ? ಬಟ್ಟೆ ಕೊಳ್ಳಲು ಬಂದವರು ಇನ್ನೊಂದು ಸೈಟಿಗೆ ಹೋಗಬಹುದು. ಮಗನ ಪರೀಕ್ಷೆ ಫೀ ಕಟ್ಟಲು ಬಂದವರು ಎಲ್ಲಿಗೆ ಹೋಗಬೇಕು? ಅದಕ್ಕೆ ಇರುವುದು ಒಂದೇ ಸೈಟು. ಅದೂ ಇವತ್ತೇ ಕಡೇ ದಿನ.

ಭಾನುವಾರ ಬೆಳಿಗ್ಗೆ ನಾನು ಕಾತ್ರಜ್ ಕಡೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಅಂಗಡಿಯವರು ಇಂಡಿ ಕಡೆಯವರು. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಪ್ಯಾನ್ ಕಾರ್ಡು, ಆನ್‌ಲೈನ್ ಫಾರ್ಮು, ಎಲ್ಲವೂ ಅಲ್ಲಿ ಆಗುತ್ತದೆ. ಬರುವವರಲ್ಲಿ ಕಟ್ಟಡದ ಕೆಲಸಕ್ಕೆ ಅಂತ ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಇಲ್ಲೇ ನೆಲೆಸಿದವರು ಜಾಸ್ತಿ. ಫಾರ್ಮು ಇಂಗ್ಲಿಷಿನಲ್ಲಿ ಅಥವಾ ಮರಾಠಿಯಲ್ಲಿ ಇರುತ್ತದೆ. ಕನ್ನಡದಲ್ಲಿ ಹೇಳಿಕೊಟ್ಟು ತುಂಬಿಸುವುದಕ್ಕೆ ಒಬ್ಬರು ಬೇಕು, ಅದಕ್ಕೆ ನಾನು.

ಒಮ್ಮೆ ಸಿಂದಗಿ ಕಡೆಯ ಒಬ್ಬ ತಾಯಿ ಬಂದಿದ್ದರು. ಫೀ ಕಟ್ಟಬೇಕಿತ್ತು. ಫೋನಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು, ಅದರ ಮೇಲೆ ಸೆಲೋ ಟೇಪು. ಫಾರ್ಮು ತುಂಬಿ ಆಯ್ತು. ಯುಪಿಐ ಪಿನ್ನನ್ನು ಅವರೇ ಒತ್ತಿದರು, ಒಂದೊಂದೇ ಅಂಕಿ, ತುಟಿ ಅಲುಗಿಸುತ್ತಾ. ಆಮೇಲೆ ಬಿಳಿ ಪುಟ. ನಡುವೆ ತಿರುಗುವ ಒಂದು ವೃತ್ತ. ಕೆಳಗೆ ಒಂದಕ್ಷರವೂ ಇಲ್ಲ.

ಆಗ ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ರೀತಿ ನನಗೆ ಮರೆಯುವುದಿಲ್ಲ. ತುಂಬಿದ ಸಾರಿನ ಪಾತ್ರೆ ಹಿಡಿದ ಹಾಗೆ, ಅಲುಗಾಡದೆ. ಹೆಬ್ಬೆರಳು ಗಾಜಿನಿಂದ ದೂರ ಸರಿಸಿ ಇಟ್ಟಿದ್ದರು, ತಪ್ಪಿ ತಾಗಿಬಿಟ್ಟೀತು ಅಂತ. ಉಸಿರು ಕೂಡ ಮೆಲ್ಲಗೆ ಆಡುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಬ್ಯಾಂಕಿನ ಮೆಸೇಜು ಇಳಿಯಿತು. ಖಾತೆಯಿಂದ ಹಣ ಕಟ್ ಆಗಿದೆ ಅಂತ. ವೃತ್ತ ಮಾತ್ರ ತಿರುಗುತ್ತಲೇ ಇತ್ತು. 'ರೊಕ್ಕ ಹೋತೇನ್ರಿ?' ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಕೊನೆಗೆ ಪುಟ ಬಂತು. ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಎಂದಿತು, ಇಂಗ್ಲಿಷಿನಲ್ಲಿ.

ಹಣ ಹೋಗಿ ರಸೀದಿ ಬರದಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಯುಪಿಐನಲ್ಲಿ ಖಾತೆಯಿಂದ ಹಣ ಕಟ್ಟಾಗಿ, ಪಡೆಯುವವರ ಕಡೆ ಖಾತ್ರಿ ಸಿಗದಿದ್ದರೆ 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಅವರಿಗೆ ವಿವರಿಸಿದೆ. ಅವರು ತಲೆ ಆಡಿಸಿದರು. ಆಮೇಲೆ ಹೇಳಿದ ಮಾತು ಇದು: 'ನನಗ ಬರೂದಿಲ್ರಿ ಇದೆಲ್ಲ. ನಾನ ಏನರ ತಪ್ಪ ಒತ್ತಿರಬೇಕು.'

ಅವರು ಏನೂ ತಪ್ಪು ಒತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ತಪ್ಪು ಆ ಪುಟದ್ದು. ಆದರೂ ಅವರು ಬೈಯಲಿಲ್ಲ. ಸೈಟಿನ ಕೊನೆಯಲ್ಲಿ ಬರುತ್ತದಲ್ಲ, ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಅಂತ, ಅದು ಬಂದಿದ್ದರೆ ಅವರು ಒಳ್ಳೆಯ ಅಂಕವನ್ನೇ ಕೊಡುತ್ತಿದ್ದರು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ದೂರುವ ಅಭ್ಯಾಸ ಇಲ್ಲದವರ ಕಷ್ಟ ಯಾವ ಸಮೀಕ್ಷೆಯಲ್ಲೂ ಕಾಣುವುದಿಲ್ಲ. ಮೆದುಳಿನ ಅಳತೆಯ ಬಗ್ಗೆ ನಾನು ಓದಲು ಶುರು ಮಾಡಿದ್ದು ಈ ಕಾರಣಕ್ಕೆ. ಬಾಯಿ ಹೇಳದ್ದನ್ನು ಮೈ ಹೇಳುತ್ತದೆಯಾ ಅಂತ ನೋಡಬೇಕಿತ್ತು.

ಮೆದುಳಿನ ವಿದ್ಯುತ್ತನ್ನು ಹೊರಗಿನಿಂದ ಅಳೆಯಬಹುದು ಅನ್ನುವುದು ನೂರು ವರ್ಷ ಹಳೆಯ ಸಂಗತಿ. ಜರ್ಮನಿಯ ಯೇನಾ ಊರಿನಲ್ಲಿದ್ದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಇಇಜಿ ಅನ್ನುವುದು ಅಲ್ಲಿಂದ ಬಂತು. ಕಣ್ಣು ಮುಚ್ಚಿ ಸುಮ್ನೆ ಕೂತಾಗ ಸೆಕೆಂಡಿಗೆ 8ರಿಂದ 13 ಬಾರಿ ಏಳುವ ಆಲ್ಫಾ ಅಲೆ ಚೆನ್ನಾಗಿ ಕಾಣುತ್ತದೆ. ಒಂದು ಕೆಲಸದಲ್ಲಿ ತಲೆ ಜಾಸ್ತಿ ಓಡಿಸಬೇಕಾದಾಗ ಹಣೆಯ ಹಿಂಭಾಗದಲ್ಲಿ 4ರಿಂದ 8ರ ಥೀಟಾ ಅಲೆ ಬಲವಾಗುತ್ತದೆ. ಸಿಗ್ನಲ್ ಮಾತ್ರ ಬಹಳ ಸಣ್ಣದು. ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗ ಅಷ್ಟೇ.

ಆ ಸಿಗ್ನಲ್ ಎಷ್ಟು ಸಣ್ಣದು ಅಂತ ಓದಿದರೆ ಅರ್ಥವಾಗುವುದಿಲ್ಲ, ಟೋಪಿ ಹಾಕಿಕೊಂಡು ನೋಡಬೇಕು. ಗೆಳೆಯನೊಬ್ಬ ಇಲ್ಲೇ ಒಂದು ಲ್ಯಾಬಿನಲ್ಲಿ ಇಇಜಿ ಕೆಲಸ ಮಾಡುತ್ತಾನೆ. ಅವನು ನನ್ನ ತಲೆಗೆ ಈಜುವವರ ಟೋಪಿಯಂಥದ್ದನ್ನು ಬಿಗಿದ. ಅದರ ತುಂಬ ತೂತುಗಳು. ಮೊಂಡು ಸೂಜಿಯ ಸಿರಿಂಜಿನಿಂದ ಒಂದೊಂದು ತೂತಿಗೂ ತಣ್ಣಗಿನ ಜೆಲ್ ಹಾಕಿ, ಕೂದಲನ್ನು ಆಚೀಚೆ ಸರಿಸಿ, ಚರ್ಮಕ್ಕೆ ತಾಗುವಂತೆ ಉಜ್ಜುತ್ತಾ ಹೋದ. ಇದಕ್ಕೇ ಬಹಳ ಹೊತ್ತು ಬೇಕು. ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ನಾನು ಕಣ್ಣು ಮಿಟುಕಿಸಿದರೆ ಹಣೆಯ ಕಡೆಯ ಗೆರೆಗಳೆಲ್ಲ ಒಟ್ಟಿಗೆ ಎದ್ದು ಬೀಳುತ್ತಿದ್ದವು. ಮೆದುಳಿನ ಅಲೆಗಿಂತ ರೆಪ್ಪೆಯ ಅಲೆ ದೊಡ್ಡದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಟ್ಟ, ಫ್ಯಾನು ನಿಲ್ಲಿಸಿದ. ನಮ್ಮ ಮನೆಗಳ ಕರೆಂಟು 50 ಹರ್ಟ್ಸಿನದು, ಅದೂ ಗೆರೆಯೊಳಗೆ ಸೇರಿಕೊಳ್ಳುತ್ತದೆ.

ಆಮೇಲೆ ನಾವು ಬೇಕಂತಲೇ ನಿಧಾನ ಮಾಡಿದ ಒಂದು ಪುಟವನ್ನು ತೆರೆದೆ. ಕಾದೆ. ಬರಲಿಲ್ಲ. ಇನ್ನೂ ಕಾದೆ. ಗೊತ್ತಿಲ್ಲದೆಯೇ ಹಲ್ಲು ಕಚ್ಚಿದ್ದೆ. ಕೂಡಲೇ ಗೆರೆಗಳೆಲ್ಲ ದಪ್ಪಗಾಗಿ ಒಂದರ ಮೇಲೊಂದು ಬಿದ್ದು ಕಪ್ಪಾದವು. ದವಡೆಯ ಸ್ನಾಯುಗಳ ವಿದ್ಯುತ್ತು ಅದು. 'ಈ ಭಾಗ ತೆಗೆದುಹಾಕಬೇಕಾಗುತ್ತೆ, ಇದರಲ್ಲಿ ಮೆದುಳು ಕಾಣಲ್ಲ' ಎಂದ ಗೆಳೆಯ.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಮನುಷ್ಯನಿಗೆ ನಿಜವಾಗಿ ಸಿಟ್ಟು ಬಂದ ಕ್ಷಣದಲ್ಲೇ ಅವನು ಹಲ್ಲು ಕಚ್ಚುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ಕುರ್ಚಿಯಲ್ಲಿ ಹೊರಳುತ್ತಾನೆ. ಇಇಜಿಗೆ ಅದೆಲ್ಲ ಕಸ. ಕಸ ಗುಡಿಸಿದ ಮೇಲೆ ಉಳಿಯುವುದು ತಾಳ್ಮೆಯಿಂದ ಕೂತಿದ್ದ ಹೊತ್ತಿನ ದಾಖಲೆ. ಕಸವನ್ನು ಬೇರೆ ಮಾಡುವ ಗಣಿತದ ದಾರಿಗಳೂ ಇವೆ, ಎಲ್ಲವನ್ನೂ ಎಸೆಯಬೇಕಿಲ್ಲ. ಆದರೂ ಹತಾಶೆಯನ್ನು ಹುಡುಕುವವರು ನೆನಪಿಡಬೇಕಾದ ತೊಡಕು ಇದು. ಮೈಯ ಚಲನೆಯನ್ನು ಗದ್ದಲ ಅಂದುಕೊಳ್ಳದೆ ಅದನ್ನೂ ಪುರಾವೆಯಾಗಿ ಎತ್ತಿಟ್ಟುಕೊಳ್ಳಬೇಕು ಅಂತ ನನಗನ್ನಿಸುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನವರು ಆ ಜಾಣತನ ತೋರಿಸಿದ್ದರು. ರೋಸಲಿಂಡ್ ಪಿಕಾರ್ಡ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಕೊಟ್ಟರು, ಚೆನ್ನಾಗಿ ಆಡಿದವರಿಗೆ ಬಹುಮಾನ ಅಂದರು. ನಡುನಡುವೆ ಮೌಸ್ ಕೆಲಸ ಮಾಡದಂತೆ ಗುಟ್ಟಾಗಿ ಏರ್ಪಾಡು ಮಾಡಿದ್ದರು. ತಲೆಯ ಮೇಲೆ ಏನೂ ಇಡಲಿಲ್ಲ. ಕೈಬೆರಳಿನ ಚರ್ಮದ ಬೆವರನ್ನೂ ರಕ್ತದ ಬಡಿತವನ್ನೂ ಅಳೆದರು. ಮೌಸ್ ಕೈಕೊಟ್ಟ ಹೊತ್ತನ್ನು ಆ ಎರಡು ಸಿಗ್ನಲ್‌ಗಳಿಂದ ಗುರುತಿಸಲು ಆಗುತ್ತದೆಯಾ ಅನ್ನುವುದು ಅವರ ಪ್ರಶ್ನೆ. ಪೂರ್ತಿ ಅಲ್ಲದಿದ್ದರೂ, ಕುರುಡು ಊಹೆಗಿಂತ ಚೆನ್ನಾಗಿಯೇ ಆಯಿತು.

ನಿಧಾನದ ವೆಬ್‌ಸೈಟಿಗೇ ಇಇಜಿ ಹಿಡಿದದ್ದು ಹೆಚ್ಚಾಗಿ ಕಂಪನಿಗಳು. ಸಿಎ ಎಂಬ ಸಾಫ್ಟ್‌ವೇರ್ ಕಂಪನಿಗಾಗಿ ಬ್ರಿಟನ್ನಿನ ಫೋವಿಯನ್ಸ್ 2010ರ ಸುಮಾರಿಗೆ ಮಾಡಿದ ಪ್ರಯೋಗದಲ್ಲಿ, ಸೈಟು ನಿಧಾನವಾದಾಗ ಜನ ಶೇ 50ರವರೆಗೆ ಹೆಚ್ಚು ಗಮನ ಕೊಡಬೇಕಾಯಿತು ಎಂದರು. 2013ರಲ್ಲಿ ರಾಡ್‌ವೇರ್ ಮೊಬೈಲಿನಲ್ಲಿ ಪರೀಕ್ಷೆ ಮಾಡಿಸಿತು. ಅರ್ಧ ಸೆಕೆಂಡು ತಡವಾದರೆ ಹತಾಶೆಯ ತುದಿ ಶೇ 26ರವರೆಗೆ ಏರುತ್ತದೆ, ತೊಡಗಿಕೊಳ್ಳುವಿಕೆ ಶೇ 8ರವರೆಗೆ ಇಳಿಯುತ್ತದೆ ಎಂದಿತು. 2016ರಲ್ಲಿ ಎರಿಕ್ಸನ್ ಕಂಪನಿ, ತಡವಾದಾಗ ಜನರ ಹೃದಯ ಬಡಿತ ಶೇ 38ರಷ್ಟು ಏರಿತು, ಭಯಾನಕ ಸಿನಿಮಾ ನೋಡಿದಷ್ಟು ಒತ್ತಡ ಎಂದಿತು. ಸಿಎ, ರಾಡ್‌ವೇರ್, ಎರಿಕ್ಸನ್, ಈ ಮೂರೂ ಕಂಪನಿಗಳು ಸೈಟಿನ ಅಥವಾ ನೆಟ್‌ವರ್ಕಿನ ವೇಗಕ್ಕೆ ಸಂಬಂಧಿಸಿದ್ದನ್ನೇ ಮಾರುವವು. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ 'ಶೇ 26 ಹತಾಶೆ' ಅಂದರೆ ಏನು? ಹತಾಶೆಗೆ ಒಂದು ಅಲೆ ಇಲ್ಲ. ತಲೆಗೆ ಹಾಕುವ ಇಇಜಿ ಹೆಡ್‌ಸೆಟ್ಟಿನ ಸಾಫ್ಟ್‌ವೇರು ಹಲವು ಅಲೆಗಳನ್ನು ಕೂಡಿಸಿ ಕಳೆದು ಒಂದು ಅಂಕಿ ಕೊಡುತ್ತದೆ, ಅದಕ್ಕೆ ಹತಾಶೆ ಎಂದು ಹೆಸರಿಡುತ್ತದೆ.

ನರವಿಜ್ಞಾನಿ ರಸೆಲ್ ಪೋಲ್ಡ್ರಾಕ್ 2006ರಲ್ಲಿ ಎಚ್ಚರಿಸಿದ್ದು ಇದನ್ನೇ. ಹೆದರಿದಾಗ ಮೆದುಳಿನ ಒಂದು ಭಾಗ ಚುರುಕಾಗುತ್ತದೆ ಅನ್ನುವುದು ನಿಜ ಇರಬಹುದು. ಹಾಗಂತ ಆ ಭಾಗ ಚುರುಕಾದಾಗಲೆಲ್ಲ ಮನುಷ್ಯ ಹೆದರಿದ್ದಾನೆ ಅನ್ನಲಾಗದು. ಅದೇ ಭಾಗ ಇನ್ನೂ ಹತ್ತು ಕೆಲಸಕ್ಕೆ ಚುರುಕಾಗುತ್ತದೆ. ಥೀಟಾ ಬಲವಾಯಿತು ಅಂದರೆ ತಲೆಗೆ ಕೆಲಸ ಜಾಸ್ತಿ ಆಯಿತು ಅನ್ನಬಹುದು. ಅದು ಸಿಟ್ಟೋ, ಭಯವೋ, ಆಸಕ್ತಿಯೋ ಎಂದು ಗೆರೆ ನೋಡಿ ಹೇಳಲು ಬರುವುದಿಲ್ಲ.

ಹಾಗಾದರೆ ಇದೆಲ್ಲ ಬೇಡವೇ? ಬೇಕು. ಸಿಟ್ಟನ್ನು ಹುಡುಕುವ ಬದಲು ಕಾಯುವಿಕೆಯನ್ನು ಹುಡುಕಿದರೆ ಮೆದುಳಿನ ಅಳತೆಗೆ ಹೇಳಲು ಬಹಳ ಇದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಇದ್ದರು. ಅವರೂ ಸಂಗಡಿಗರೂ 1964ರಲ್ಲಿ ವರದಿ ಮಾಡಿದ ಪ್ರಯೋಗ ಕೇಳಲು ಸರಳ. ಮೊದಲು ಒಂದು ಕ್ಲಿಕ್ ಸದ್ದು. ಸೆಕೆಂಡಿನ ನಂತರ ಮಿನುಗುವ ಬೆಳಕು. ಬೆಳಕು ಬಂದ ಕೂಡಲೇ ಕೂತವರು ಗುಂಡಿ ಒತ್ತಿ ಅದನ್ನು ನಿಲ್ಲಿಸಬೇಕು. ಕ್ಲಿಕ್ಕಿಗೂ ಬೆಳಕಿಗೂ ನಡುವಿನ ಆ ಒಂದು ಸೆಕೆಂಡಿನಲ್ಲಿ, ಹೊರಗೆ ಏನೂ ಆಗದೆ ಇರುವಾಗ, ಮೆದುಳಿನ ಮುಂಭಾಗದಲ್ಲಿ ಒಂದು ಅಲೆ ಮೆಲ್ಲನೆ ಬೆಳೆಯುತ್ತಾ ಹೋಗುತ್ತದೆ. ಗುಂಡಿ ಒತ್ತಿದ ಮೇಲೆ ಇಳಿಯುತ್ತದೆ. ನಿರೀಕ್ಷೆಯ ಅಲೆ ಎಂದೇ ಅದನ್ನು ಕರೆದರು. ಬೆಳಕು ಕೊಡುವುದನ್ನು ನಿಲ್ಲಿಸಿದರೆ ಅಲೆ ಒಂದೇ ಸಲಕ್ಕೆ ಹೋಗುವುದಿಲ್ಲ. ಬರುತ್ತೆ, ಬರುತ್ತೆ ಅಂತ ಕಾದು ಕಾದು, ಹತ್ತಾರು ಸಲ ಆದ ಮೇಲೆ ಕರಗುತ್ತದೆ. ಆದರೆ ಇನ್ನು ಮುಂದೆ ಬೆಳಕು ಬರುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಅಲೆ ಆಗಲೇ ಇಳಿದುಬಿಡುತ್ತದೆ.

ನಾನು ಇದನ್ನು ಓದಿದಾಗ ಎದ್ದು ಕೂತೆ. ಕಾಯುವುದು ಅಂದರೆ ಖಾಲಿ ಹೊತ್ತಲ್ಲ, ಮೆದುಳು ಮೈಯನ್ನು ಅಣಿ ಮಾಡಿಕೊಂಡು ನಿಂತಿರುವ ಹೊತ್ತು. ಆ ಕೆಲಸವನ್ನು ಇಳಿಸುವ ಶಕ್ತಿ ಒಂದು ಸರಿಯಾದ ಮಾತಿಗೆ ಇದೆ. ಆ ತಾಯಿಯ ಫೋನಿನಲ್ಲಿ ವೃತ್ತದ ಕೆಳಗೆ ಒಂದು ಸಾಲು ಇದ್ದಿದ್ದರೆ? 'ನಿಮ್ಮ ಹಣ ಬಂದಿದೆ. ರಸೀದಿ ತಯಾರಾಗುತ್ತಿದೆ. ಮತ್ತೆ ಒತ್ತಬೇಡಿ.' ಸೆಕೆಂಡುಗಳು ಅಷ್ಟೇ ಇರುತ್ತಿದ್ದವು. ಕೈ ಅಷ್ಟು ಬಿಗಿಯಾಗಿ ಹಿಡಿಯಬೇಕಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಇದು ಹೊಸ ವಿಚಾರ ಏನಲ್ಲ. ಎಷ್ಟು ಕೆಲಸ ಆಗಿದೆ ಅಂತ ಪರದೆಯ ಮೇಲೆ ತುಂಬುತ್ತಾ ತೋರಿಸುವ ಪಟ್ಟಿ (ಪ್ರೋಗ್ರೆಸ್ ಬಾರ್) ಇದ್ದರೆ ಜನ ಅದನ್ನೇ ಇಷ್ಟಪಡುತ್ತಾರೆ ಎಂದು ಬ್ರಾಡ್ ಮೈಯರ್ಸ್ 1985ರಲ್ಲೇ ತೋರಿಸಿದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ, ಗೊತ್ತಿರುವ ಕಾಯುವಿಕೆಗಿಂತ ಉದ್ದ ಅನ್ನಿಸುತ್ತದೆ ಎಂದು ಅದೇ ವರ್ಷ ಡೇವಿಡ್ ಮೈಸ್ಟರ್ ಸಾಲಿನಲ್ಲಿ ನಿಲ್ಲುವವರ ಬಗ್ಗೆ ಬರೆದರು. ವೇಗ ಒಂದು ಅರ್ಧ, ಕಾಯುವವರಿಗೆ ಏನಾಗುತ್ತಿದೆ ಅಂತ ಹೇಳುವುದು ಇನ್ನೊಂದು. ನಾವು ವೇಗದವರು ಈ ಎರಡನೇ ಅರ್ಧವನ್ನು ಮರೆತಿದ್ದೇವೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು ಅನ್ನುವ ಗೂಗಲ್‌ನ ಗುರಿಗಳು ನಮಗೆ ಬಾಯಿಪಾಠ. ಹಣ ಎಲ್ಲಿದೆ ಅಂತ ಹೇಳುವ ಆ ಒಂದು ಸಾಲಿಗೆ ಯಾವ ಗುರಿಯೂ ಇಲ್ಲ. ತಿರುಗುವ ವೃತ್ತ ಬಂದರೆ ಸ್ಪಂದಿಸಿದ ಹಾಗೇ ಲೆಕ್ಕ.

ಈಗ ನನಗೆ ಎಲ್ಲಕ್ಕಿಂತ ಬೇಸರ ತರುವ ವಿಷಯ. ಈ ಪ್ರಯೋಗಗಳಲ್ಲಿ ಆ ತಾಯಿಯಂಥವರು ಇಲ್ಲ. ಇರಲು ಯಂತ್ರವೇ ಬಿಡುವುದಿಲ್ಲ. ಇಇಜಿಗೆ ಬರುವವರಿಗೆ ಮೊದಲ ಸೂಚನೆ: ತಲೆ ತೊಳೆದುಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಚರ್ಮಕ್ಕೂ, ಸಿಗ್ನಲ್ ಹಿಡಿಯುವ ಎಲೆಕ್ಟ್ರೋಡಿಗೂ ಸರಿಯಾಗಿ ಸಂಪರ್ಕ ಆಗುವುದಿಲ್ಲ. ನಮ್ಮ ಕಡೆಯ ಹೆಂಗಸರು ಬೆಳಿಗ್ಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ತುರುಬು ಕಟ್ಟಿ ಕೆಲಸಕ್ಕೆ ಹೊರಡುವವರು. ದಪ್ಪ ಕೂದಲು, ತುರುಬಿನ ಮೇಲೆ ಟೋಪಿ ಕೂರುವುದೇ ಇಲ್ಲ. ಇನ್ನೊಂದು ಯಂತ್ರ ಇದೆ, ಎಫ್‌ನಿರ್ಸ್ ಅಂತ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಣೆಯ ಮೂಲಕ ಕಳಿಸಿ, ರಕ್ತದಲ್ಲಿನ ಆಮ್ಲಜನಕದ ಏರಿಳಿತ ನೋಡುತ್ತದೆ. ಜೆಲ್ ಬೇಡ, ಸ್ವಲ್ಪ ಅಲುಗಾಡಿದರೂ ನಡೆಯುತ್ತದೆ. ರಕ್ತ ಬದಲಾಗಲು ಐದಾರು ಸೆಕೆಂಡು ಬೇಕು, ಹಾಗಾಗಿ ಅರ್ಧ ಸೆಕೆಂಡಿನ ತಡವನ್ನು ಅದು ಬಿಡಿಸಿ ತೋರಿಸದು. ಜೊತೆಗೆ ಕಪ್ಪು ಕೂದಲೂ ಗಾಢ ಚರ್ಮವೂ ಆ ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತವೆ, ಸಿಗ್ನಲ್ ಸೊರಗುತ್ತದೆ. ಬಿಸಿಲಿನಲ್ಲಿ ದುಡಿಯುವವರನ್ನು ಈ ಯಂತ್ರವೂ ಅರ್ಧಂಬರ್ಧ ನೋಡುತ್ತದೆ.

ಅಳತೆಗೆ ಸಿಗದವರು ಲೆಕ್ಕಕ್ಕೂ ಸಿಗುವುದಿಲ್ಲ ಅನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ಉದಾಹರಣೆ ಇದೆ. ಯೂಟ್ಯೂಬಿನಲ್ಲಿದ್ದ ಕ್ರಿಸ್ ಜಕಾರಿಯಾಸ್ ಎಂಬ ಎಂಜಿನಿಯರ್ 1.2 ಎಂಬಿ ಇದ್ದ ವೀಡಿಯೋ ಪುಟವನ್ನು 100 ಕೆಬಿಗಿಂತ ಕೆಳಗಿಳಿಸಿದರು. ಪುಟ ಬೇಗ ತೆರೆಯಬೇಕಲ್ವಾ? ಸರಾಸರಿ ಹೊತ್ತು ಏರಿತ್ತು! ನೋಡಿದರೆ, ಆವರೆಗೆ ಆ ಪುಟವನ್ನು ತೆರೆಯಲಿಕ್ಕೇ ಆಗದ ಊರುಗಳಿಂದ ಜನ ಬರತೊಡಗಿದ್ದರು. ಹಳೆ ಪುಟಕ್ಕೆ 20 ನಿಮಿಷ ಹಿಡಿಯುತ್ತಿದ್ದವರಿಗೆ ಈಗ 2 ನಿಮಿಷದಲ್ಲಿ ಸಿಗುತ್ತಿತ್ತು. ಅವರು ಮೊದಲು ಅಂಕಿಅಂಶದಲ್ಲಿ ಇರಲೇ ಇಲ್ಲ. ಇವತ್ತು ಮೊಬೈಲಿನ ಸಾಮಾನ್ಯ ಪುಟ 2 ಎಂಬಿ ದಾಟಿದೆ. ಕಡಿಮೆ ಬೆಲೆಯ ಫೋನಿನಲ್ಲಿ ಆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮನ್ನು ಓಡಿಸಲಿಕ್ಕೇ ನನ್ನ ಆಫೀಸಿನ ಫೋನಿಗಿಂತ ಹಲವು ಪಟ್ಟು ಹೊತ್ತು ಬೇಕು.

ಹಾಗಾಗಿ ಗೆಳೆಯನೂ ನಾನೂ ಸೇರಿ ಒಂದು ಸಣ್ಣ ಪ್ರಯೋಗದ ರೂಪುರೇಷೆ ಹಾಕುತ್ತಿದ್ದೇವೆ. ಜನರನ್ನು ಲ್ಯಾಬಿಗೆ ಕರೆಯುವ ಬದಲು ಅವರಿರುವ ಕಡೆ ಹೋಗುವುದು. ತಲೆಯ ಟೋಪಿಯ ಬದಲು ಬೆರಳಿಗೆ ಚರ್ಮದ ಬೆವರು ಅಳೆಯುವ ಪಟ್ಟಿ, ನಾಡಿಗೆ ಒಂದು ಕ್ಲಿಪ್. ಒಪ್ಪಿದವರಿಗೆ ಮಾತ್ರ ಹಣೆಯ ಮೇಲೆ ಎರಡೇ ಎಲೆಕ್ಟ್ರೋಡು, ಅಲ್ಲಿ ಕೂದಲಿನ ಗೊಡವೆ ಇಲ್ಲ. ಫೋನು ಹಿಡಿದ ಕೈಯ ಬಿಗಿಯನ್ನೂ ವೀಡಿಯೋದಲ್ಲಿ ನೋಡುವುದು. ಹಣ ಕಟ್ಟುವ ಎರಡು ಪುಟ. ಎರಡರಲ್ಲೂ ತಡ ಒಂದೇ. ಒಂದರಲ್ಲಿ ಬರೀ ವೃತ್ತ. ಇನ್ನೊಂದರಲ್ಲಿ ಹಣ ಎಲ್ಲಿಗೆ ಮುಟ್ಟಿದೆ ಅಂತ ಕನ್ನಡದಲ್ಲಿ ಒಂದು ಸಾಲು.

ಕಷ್ಟದ ಪ್ರಶ್ನೆ ಹಣದ್ದು. ಸುಳ್ಳು ಹಣ ಇಟ್ಟರೆ ಯಾರೂ ಹೆದರುವುದಿಲ್ಲ, ಅಳತೆಗೆ ಏನೂ ಸಿಗುವುದಿಲ್ಲ. ಅವರದೇ ಹಣವನ್ನು ಪ್ರಯೋಗಕ್ಕೆ ಒಡ್ಡುವುದು ಅನ್ಯಾಯ. ದಿನದ ಕೂಲಿಯಷ್ಟನ್ನು ನಾವೇ ಮೊದಲು ಕೊಟ್ಟು, ಇದು ನಿಮ್ಮದು ಎಂದು ಹೇಳಿ, ಅದನ್ನೇ ಪುಟದ ಮೂಲಕ ಅವರ ಖಾತೆಗೆ ದಾಟಿಸುವುದು ಒಂದು ದಾರಿ. ಆಮೇಲೆ ಹಣ ಕೈಸೇರಿದ್ದನ್ನು ಖಾತ್ರಿ ಮಾಡಿಯೇ ಕಳಿಸಬೇಕು. ಒಪ್ಪಿಗೆಯನ್ನು ಅವರ ಮಾತಿನಲ್ಲಿ, ಬಾಯಿಯಲ್ಲಿ ಹೇಳಿ ಪಡೆಯಬೇಕು. ನಡುವೆ ಎದ್ದು ಹೋದರೂ ಹಣ ಅವರದೇ. ಮೆದುಳಿನ ಮಾಹಿತಿಗೆ ಕಾನೂನಿನ ರಕ್ಷಣೆ ಬೇಕು ಎಂದು ಚಿಲಿ ದೇಶ 2021ರಲ್ಲಿ ಸಂವಿಧಾನವನ್ನೇ ತಿದ್ದಿತು. ನಮ್ಮ ಸಣ್ಣ ಪ್ರಯೋಗದಲ್ಲೂ ದಾಖಲೆಗೆ ಹೆಸರು, ಫೋನ್ ನಂಬರ್ ಅಂಟಿಸುವುದಿಲ್ಲ.

ಎರಡೂ ಪುಟಕ್ಕೆ ಮೈ ಒಂದೇ ರೀತಿ ಸ್ಪಂದಿಸಿದರೆ ನನ್ನ ಊಹೆ ಬಿದ್ದುಹೋಗುತ್ತದೆ. ಆಗ ಸೆಕೆಂಡುಗಳನ್ನೇ ಇನ್ನಷ್ಟು ಇಳಿಸಬೇಕು, ಬೇರೆ ದಾರಿ ಇಲ್ಲ. ವ್ಯತ್ಯಾಸ ಕಂಡರೆ ಆ ಗೆರೆಗಳನ್ನು ಹಿಡಿದುಕೊಂಡು ಹಣ ಕಟ್ಟುವ ಪುಟಗಳನ್ನು ಮಾಡುವವರ ಬಳಿ ಹೋಗುತ್ತೇನೆ, ನನ್ನ ತಂಡದಿಂದಲೇ ಶುರು ಮಾಡಿ. ಪುಣೆಯಲ್ಲಿ ಚರ್ಮದ ಬೆವರು, ನಾಡಿ ಅಳೆಯುವ ಅನುಭವ ಇರುವ, ಉತ್ತರ ಕರ್ನಾಟಕದ ಮಾತು ಬಲ್ಲ ಒಬ್ಬರು ನಮಗೆ ಬೇಕಾಗಿದ್ದಾರೆ. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ತಿಳಿಸಿ. ಜೂನಿನ ಅಡ್ಮಿಷನ್ ಗದ್ದಲ ಶುರುವಾಗುವ ಮೊದಲು ಕೆಲಸ ಹಿಡಿಯಬೇಕು.